ಉಂಗುರ ಬೇಕೋ, ದಾರ ಸಾಕೋ

ಬದ್ರಿ: ನಮ್ಮವಳು ‘ಉಂಗುರ’ ಅಂದಳು. ಕಿವಿಯಾರೆ ಕೇಳಿದೆ.

ಯದುಲ್ಲಾ: ಅನ್ನಲಿ ಬಿಡೆ. ಹೆಣ್ಣು ನೋಡೋಕೆ ಬಂದಾಗ ಉಂಗುರದ ಮಾತು ಬರದೆ ಟೈರಿನ ಮಾತು ಬರತ್ತಾ?

ಬದ್ರಿ: ಅದಕ್ಕೆ ಆ ಹುಡುಗ ಏನಂದ ಗೊತ್ತಾ? ‘ಉಂಗುರದಿಂದ ಏನೂ ಸಾಗಲ್ಲ, ನಮ್ಮದು ದಾರ’ ಅಂದ.

ಯದುಲ್ಲಾ: ದಾರ?

ಬದ್ರಿ: ದಾರ. ನಿಮ್ಮ ಇಸ್ಫಹಾನಿನವರ ಕೈ ಬಿಗಿ ಅಂತ ಮದುವೆಯಾದಾಗಿನಿಂದ ಹೇಳ್ತಾ ಇದೀನಿ. ಆದ್ರೆ ಹೆಣ್ಣಿನ ಬೆರಳಿಗೆ ದಾರ ಸುತ್ತೋಷ್ಟು ಬಿಗಿ ಅಂತ ನನಗೂ ಗೊತ್ತಿರಲಿಲ್ಲ.

ಯದುಲ್ಲಾನ ಕೈಯಲ್ಲಿ ಕಿತ್ತಳೆ, ಸೌತೆಕಾಯಿ ತುಂಬಿದ ತಟ್ಟೆಯಿತ್ತು. ಒಳಗಿರುವ ಇಬ್ಬರಿಗೂ ಕೊಟ್ಟು ಬಾ ಎಂದು ಬದ್ರಿಯೇ ಕಳಿಸಿದ್ದಳು, ಕೊಡುವಷ್ಟರಲ್ಲಿ ತಾನೇ ಹಿಂದಿನಿಂದ ಬಂದು ಅವನ ತೋಳು ಹಿಡಿದು ನಿಲ್ಲಿಸಿದ್ದಳು. ಈಗ ಗಂಡ ಹೆಂಡಿರಿಬ್ಬರೂ ಮಗಳ ಕೋಣೆಯ ಹೊರಗೆ, ಕತ್ತಲೆ ನಡುಮನೆಯಲ್ಲಿ, ಗೋಡೆಗೆ ಒರಗಿ ನಿಂತಿದ್ದರು. ಬಾಗಿಲು ಪೂರ್ತಿ ಮುಚ್ಚಬಾರದು ಎಂದು ಬದ್ರಿ ಮೊದಲೇ ಹೇಳಿದ್ದರಿಂದ ನಾಲ್ಕು ಬೆರಳಿನಷ್ಟು ಸಂದು ಇತ್ತು. ದನಿ ಏರಿದಾಗಲೆಲ್ಲ ಆ ಸಂದಿನಿಂದ ಮಾತು ತುಂಡು ತುಂಡಾಗಿ ಹೊರಗೆ ಬೀಳುತ್ತಿತ್ತು.

ಯದುಲ್ಲಾ ಊರಿಗೆಲ್ಲ ಕಾರು ಕಲಿಸಿ ನಿವೃತ್ತನಾದ ಮನುಷ್ಯ. ಇಸ್ಫಹಾನಿನ ಅರ್ಧಕ್ಕರ್ಧ ಹೆಂಗಸರು ಅವನ ಪಕ್ಕದಲ್ಲಿ ಕೂತು ಮೊದಲ ಗೇರು ಹಾಕಿದವರು. ಹಾಗಾಗಿ ಪಕ್ಕದಲ್ಲಿ ಸುಮ್ಮನೆ ಕೂತು, ಕಾಲನ್ನು ಮಾತ್ರ ಬ್ರೇಕಿನ ಮೇಲೆ ಇಟ್ಟುಕೊಂಡಿರುವುದು ಅವನಿಗೆ ಅಭ್ಯಾಸವಾಗಿತ್ತು. ಈ ಒಬ್ಬಳೇ ಮಗಳ ವಿಷಯದಲ್ಲಿ ಮಾತ್ರ ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಮಗಳು ಗೊಲ್ನಾರ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದಳು. ಗುರುತ್ವಾಕರ್ಷಣೆಯ ಬಗ್ಗೆ ಏನನ್ನೋ ಹುಡುಕುತ್ತಿದ್ದಾಳೆ ಎಂಬಷ್ಟು ಮನೆಯವರಿಗೆ ಗೊತ್ತಿತ್ತು. ಅದೇ ವಿಷಯ ಬಲ್ಲ ಇನ್ನಿಬ್ಬರು ಅವಳ ವಿಭಾಗದಲ್ಲಿದ್ದರು. ಒಬ್ಬ ಕೆನಡಾಕ್ಕೆ ಹೋದ, ಇನ್ನೊಬ್ಬಳು ಜರ್ಮನಿಗೆ. ಅಂದಿನಿಂದ ಅವಳು ಊಟಕ್ಕೆ ಕೂತರೆ ಉಪ್ಪು ಕೊಡಿ ಎಂಬುದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ನೋಡಲು ಬಂದ ಗಂಡುಗಳಿಗೂ ಅವಳಿಗೂ ಹೊಂದುತ್ತಿರಲಿಲ್ಲ. ಹಿಂದಿನ ಸಲ ಬಂದಿದ್ದ ಹಲ್ಲಿನ ಡಾಕ್ಟರು ಚಹಾ ಹೀರುತ್ತ, ‘ಬೀಳೋದೆಲ್ಲ ಸರಿಯಾಗೇ ಬೀಳ್ತಾ ಇದೆಯಲ್ಲ, ಇನ್ನೂ ಹುಡುಕೋದು ಏನಿದೆ?’ ಎಂದು ಕೇಳಿದ್ದ. ಗೊಲ್ನಾರ್ ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬಂದಿರಲಿಲ್ಲ. ಅದಕ್ಕೇ ಬದ್ರಿಯ ತಂಗಿ ಈ ಸಲ ಹುಡುಕಿ ಹುಡುಕಿ ತೆಹರಾನಿನಲ್ಲಿ ಅದೇ ಕೆಲಸ ಮಾಡುವವನನ್ನೇ ಹಿಡಿದಿದ್ದಳು. ಅರ್ದಲಾನ್ ಅಂತ ಹೆಸರು. ಅವನ ತಾಯಿ ಅಖ್ತರ್ ಖಾನುಮ್ ಇದೇ ಊರಿನಲ್ಲಿ ಒಂಟಿಯಾಗಿದ್ದ ವಿಧವೆ. ಗುರುವಾರ ಸಂಜೆ ತಾಯಿ ಮಗ ಹೂವು, ಗಝ್ ಮಿಠಾಯಿಯ ಪೆಟ್ಟಿಗೆ ಹಿಡಿದು ಬಂದರು. ನೀವು ತಗೊಳ್ಳಿ, ಇಲ್ಲ ನೀವು ತಗೊಳ್ಳಿ ಎನ್ನುವುದರಲ್ಲಿ ಮೊದಲ ಚಹಾ ಆರಿಹೋಯಿತು. ಎರಡನೆಯ ಚಹಾ ಮುಗಿದ ಮೇಲೆ ಪದ್ಧತಿಯಂತೆ ಹುಡುಗ ಹುಡುಗಿಯನ್ನು ನಾಲ್ಕು ಮಾತಾಡಿಕೊಳ್ಳಲಿ ಎಂದು ಒಳಗೆ ಕಳಿಸಿದರು.

ಈಗ ಆ ನಾಲ್ಕು ಮಾತು ನಲವತ್ತಾಗಿ, ನಾನೂರಾಗಿ, ಗೋಡೆ ದಾಟಿ ಬರುತ್ತಿತ್ತು.

ಗೊಲ್ನಾರ್‌ಳ ದನಿ ಕೇಳಿಸಿತು: ಹತ್ತು ಅಂತೀರಿ. ಕಣ್ಣಿಗೆ ಕಾಣೋದು ನಾಲ್ಕು. ಮಿಕ್ಕ ಆರು ಎಲ್ಲಿ?

ಅರ್ದಲಾನನ ದನಿ: ಸುರುಳಿ ಸುತ್ತಿಕೊಂಡಿವೆ. ಅದಕ್ಕೇ ಯಾರಿಗೂ ಕಾಣಲ್ಲ.

ಬದ್ರಿ: ರತ್ನಗಂಬಳಿ ಕಣ್ರೀ. ವರದಕ್ಷಿಣೆ ಕೇಳೋರನ್ನ ನೋಡಿದೀನಿ, ಗಂಬಳಿ ಬಚ್ಚಿಡೋರನ್ನ ನೋಡಿರಲಿಲ್ಲ.

— ಯಾವ ಗಂಬಳಿ?

ಕೇಳಿದ್ದು ಅಖ್ತರ್ ಖಾನುಮ್. ಕೈ ತೊಳೆಯುವ ನೆಪದಲ್ಲಿ ಎದ್ದು ಬಂದಿದ್ದರು. ನೀರಿನ ನಲ್ಲಿ ಇದ್ದದ್ದು ಆಚೆ ಕಡೆ. ಆದರೂ ಅವರು ಈಚೆ ಕಡೆಗೇ ಬಂದಿದ್ದರು ಎಂಬುದನ್ನು ಮೂವರೂ ಗಮನಿಸದವರಂತೆ ನಟಿಸಿದರು.

ಬದ್ರಿ: ಏನಿಲ್ಲ ಖಾನುಮ್, ನಿಮ್ಮ ಮಗ ಹೇಳ್ತಾ ಇದ್ದ. ನಿಮ್ಮ ಮನೇಲಿ ಆರು ಸುರುಳಿ ಸುತ್ತಿ ಇಟ್ಟಿದೆಯಂತೆ, ಯಾರಿಗೂ ಕಾಣದ ಹಾಗೆ.

ಅಖ್ತರ್: ಆರು? ಎಲ್ಲಿ ಬಂತು ಆರು? ಇರೋದೇ ನಾಲ್ಕು.

ಹೇಳಿದ ಮೇಲೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ಅತ್ತೆಯ ಕಾಲದ ಗಂಬಳಿಗಳು ಅವು, ನಾದಿನಿಯ ಕಣ್ಣಿಗೆ ಬೀಳದಿರಲಿ ಅಂತ ಬೀರುವಿನ ಹಿಂದೆ ನಿಲ್ಲಿಸಿದ್ದು, ಮಗನಿಗೆ ಹೇಗೆ ತಿಳಿಯಿತೋ ಕಾಣೆ, ನೀವು ದಯವಿಟ್ಟು ಎಲ್ಲೂ ಬಾಯಿ ಬಿಡಬೇಡಿ ಎಂದರು. ಬಿಡುವುದಿಲ್ಲ ಎಂದು ಬದ್ರಿ ಕಣ್ಣಿನ ಮೇಲೆ ಬೆರಳಿಟ್ಟು ಮಾತು ಕೊಟ್ಟಳು. ಅವಳ ತಂಗಿಗೆ ಈ ಸುದ್ದಿ ರಾತ್ರಿಯೊಳಗೆ ತಲುಪುವುದೆಂದು ಯದುಲ್ಲಾನಿಗೆ ಆಗಲೇ ಗೊತ್ತಾಯಿತು.

ಒಳಗೆ ಗೊಲ್ನಾರ್: ಪ್ರತಿಯೊಂದಕ್ಕೂ ಒಂದು ಜೋಡಿ ಇದೆ ಅಂತೀರಲ್ಲ, ನಿಮ್ಮ ಜೋಡಿ ಎಲ್ಲಿ? ಇಷ್ಟು ವರ್ಷ ಆಯ್ತು, ಒಬ್ಬರಾದ್ರೂ ನೋಡಿದಾರಾ?

ಅರ್ದಲಾನ್: ತೂಕ ಜಾಸ್ತಿ ಇರಬೇಕು. ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ. ಅದಕ್ಕೇ ಇನ್ನೂ ಸಿಕ್ಕಿಲ್ಲ. ಜಿನಿವಾದಲ್ಲಿ ಹುಡುಕ್ತಾನೇ ಇದಾರೆ.

ಅಖ್ತರ್ ಖಾನುಮ್ ಗೋಡೆ ಹಿಡಿದುಕೊಂಡರು.

ಅಖ್ತರ್: ಜಿನಿವಾ. ಹೋದ ವರ್ಷ ಸಮ್ಮೇಳನ ಅಂತ ಹೇಳಿ ಹದಿನೈದು ದಿನ ಹೋಗಿದ್ದ.

ಬದ್ರಿ: ಅಲ್ಲೊಬ್ಬಳನ್ನ ಇಟ್ಟುಕೊಂಡು ಇಲ್ಲಿ ನಮ್ಮ ಮನೆಗೆ ಹೂವು ತಂದಿರಾ ಖಾನುಮ್?

ಅಖ್ತರ್: ನನಗೆ ಗೊತ್ತಿದ್ರೆ ತರ್ತಿದ್ನಾ? ಅದೂ ದಪ್ಪಗಿರೋಳಂತೆ. ನಾನು ಅವನ ಊಟದಲ್ಲಿ ಎಣ್ಣೆ ಕಮ್ಮಿ ಮಾಡಿದ್ದೆಲ್ಲ ಯಾರಿಗಾಗಿ?

ಯದುಲ್ಲಾ: ಕಳೆದುಹೋಗಿರೋಳನ್ನ ಹುಡುಕ್ತಾ ಇದಾರೆ ಅಂದ ಹಾಗಿತ್ತು.

ಬದ್ರಿ: ಅಷ್ಟು ತೂಕದೋಳು ಕಳೆದುಹೋಗೋದು ಹೇಗೆ? ಓಡಿಹೋಗಿರಬೇಕು. ಇವನು ಕೈಗೆ ದಾರ ಕೊಟ್ಟಿದ್ದು ನೋಡಿ ಓಡಿರ್ತಾಳೆ.

ಇಬ್ಬರು ತಾಯಂದಿರ ನಡುವೆ ಮಾತಿಗೆ ಮಾತು ಬೆಳೆಯಿತು. ನಮ್ಮ ಮಗಳಿಗೇನು ಗಂಡುಗಳಿಗೆ ಬರವಿಲ್ಲ ಎಂದಳು ಬದ್ರಿ. ಹಲ್ಲಿನ ಡಾಕ್ಟರು ಓಡಿದ ಕತೆ ಊರಿಗೇ ಗೊತ್ತಿದೆ ಎಂದರು ಅಖ್ತರ್ ಖಾನುಮ್. ಓಡಿದ್ದು ಅವನಲ್ಲ, ಎದ್ದು ಹೋದದ್ದು ನಮ್ಮವಳು ಎಂದಳು ಬದ್ರಿ. ಎಲ್ಲವೂ ಪಿಸುದನಿಯಲ್ಲೇ ನಡೆಯಿತು, ಏಕೆಂದರೆ ಯಾರಿಗೂ ಒಳಗಿನ ಮಾತು ತಪ್ಪಿಹೋಗುವುದು ಬೇಕಿರಲಿಲ್ಲ. ಯದುಲ್ಲಾ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಇಬ್ಬರ ನಡುವೆ ನಿಂತಿದ್ದ. ಅವನ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು.

ಆಗ ಒಳಗಿನಿಂದ ಅರ್ದಲಾನ್ ಸ್ವಲ್ಪ ಬೇಸರದಲ್ಲೇ ಅಂದ: ಉಂಗುರ ಎಲ್ಲ ಚೆನ್ನಾಗೇ ಹೆಣೆದಿದೀರಿ. ಬಟ್ಟೆ ಎಲ್ಲಿ?

ಒಳಗೆ ಕುರ್ಚಿ ಸರಿದ ಸದ್ದು.

ಗೊಲ್ನಾರ್: ಏನಂದ್ರಿ?

ಅರ್ದಲಾನ್: ಉಂಗುರ ಹೆಣೆದಿದೀರಿ, ಬಟ್ಟೆ ಎಲ್ಲಿ ಅಂದೆ.

ಗೊಲ್ನಾರ್: ಈ ಮಾತು ನನಗೆ ಗೊತ್ತು. ನೀವೇನಾ ಅದು? ಹೋದ ಚಳಿಗಾಲದಲ್ಲಿ ನನ್ನನ್ನ ತಿರಸ್ಕರಿಸಿದ್ದು ನೀವೇನಾ? ಹೆಸರೂ ಹೇಳದೆ, ಮುಖಾನೂ ತೋರಿಸದೆ?

ಅರ್ದಲಾನ್ ಏನೋ ತೊದಲಿದ. ಹೆಸರು ಹೇಳುವ ಹಾಗಿರಲಿಲ್ಲ, ಅದೇ ನಿಯಮ ಎಂದದ್ದು ಮಾತ್ರ ಕೇಳಿಸಿತು.

ಬದ್ರಿ: ಕೇಳಿಸ್ತಾ? ಇವರಿಗೆ ಮೊದಲೇ ಪರಿಚಯ. ಒಂದ್ಸಲ ಬೇಡ ಅಂದವನು ಈಗ ಮತ್ತೆ ಬಂದು ನನ್ನ ಚಹಾ ಕುಡೀತಾನಾ?

ಅವಳು ಬಾಗಿಲಿನ ಹಿಡಿಗೆ ಕೈ ಹಾಕಿದಳು. ಯದುಲ್ಲಾ ತಟ್ಟೆಯನ್ನು ಅಖ್ತರ್ ಖಾನುಮರ ಕೈಗೆ ಕೊಟ್ಟು ಹೆಂಡತಿಯ ಮಣಿಕಟ್ಟು ಹಿಡಿದ.

ಯದುಲ್ಲಾ: ತೆಗೀಬೇಡ.

ಬದ್ರಿ: ಒಳಗೆ ಜಗಳ ಆಗ್ತಿದೆ ಕಣ್ರೀ.

ಯದುಲ್ಲಾ: ಜಗಳ ಅಲ್ಲ ಬದ್ರಿ. ಅವಳು ಮಾತಾಡ್ತಿದಾಳೆ.

ಬದ್ರಿ: ಇಷ್ಟು ಜೋರಾಗಾ?

ಯದುಲ್ಲಾ: ಎಷ್ಟು ದಿನದ್ದು ಒಳಗೇ ಉಳಿದಿದೆ ಅಂತ ನಿನಗೂ ಗೊತ್ತಲ್ಲ.

ಬದ್ರಿ ಬಾಗಿಲಿನ ಹಿಡಿ ಬಿಟ್ಟಳು. ಮೂವರೂ ಸ್ವಲ್ಪ ಹೊತ್ತು ಏನನ್ನೂ ಅರ್ಥ ಮಾಡಿಕೊಳ್ಳಲು ಹೋಗದೆ ಬರೀ ದನಿಯನ್ನು ಕೇಳಿದರು. ಅದು ಹೌದು, ಅವಳದೇ ದನಿ. ಓದುವ ಕಾಲದಲ್ಲಿ ಗೆಳತಿಯರನ್ನು ಕಟ್ಟಿಕೊಂಡು ಮನೆಗೆ ಬಂದು, ಮೆಟ್ಟಿಲ ಮೇಲೆಯೇ ಚಪ್ಪಲಿ ಬಿಡುವುದನ್ನು ಮರೆತು ವಾದ ಮಾಡುತ್ತಿದ್ದವಳ ದನಿ. ಅಖ್ತರ್ ಖಾನುಮ್ ಏನು ಮಾಡಬೇಕೆಂದು ತೋಚದೆ ತಟ್ಟೆಯಿಂದ ಒಂದು ಸೌತೆಕಾಯಿ ತೆಗೆದುಕೊಂಡು ಕಚ್ಚಿದರು.

ಆ ಕಚ್ಚಿದ ಸದ್ದಿಗೆ ಬಾಗಿಲು ತೆರೆಯಿತು.

ಗೊಲ್ನಾರ್‌ಳ ತಲೆಯ ಮೇಲಿನ ವಸ್ತ್ರ ಹೆಗಲಿಗೆ ಜಾರಿತ್ತು, ಮುಖ ಕೆಂಪಾಗಿತ್ತು. ಹಿಂದೆ ಅರ್ದಲಾನ್ ಕೋಟು ಬಿಚ್ಚಿ, ಅಂಗಿಯ ತೋಳು ಮಡಿಸಿ ನಿಂತಿದ್ದ. ಮೇಜಿನ ಮೇಲೆ ಅವನು ತಂದಿದ್ದ ಹೂವಿಗೆ ಸುತ್ತಿದ್ದ ಕಾಗದವನ್ನು ಹಾಸಿದ್ದರು. ಅದರ ತುಂಬ ಗೀಚು.

ಗೊಲ್ನಾರ್: ಅಪ್ಪ, ಖಾಲಿ ಹಾಳೆ ಇದ್ಯಾ? ಇದು ತುಂಬಿಹೋಯ್ತು. ನೀವೆಲ್ಲ ಇಲ್ಲೇನು ಮಾಡ್ತಿದೀರಿ?

ಬದ್ರಿ: ಹಣ್ಣು ತಂದ್ವಿ.

ಗೊಲ್ನಾರ್: ಮೂರು ಜನ ಸೇರಿ?

ಅಖ್ತರ್: ಅರ್ದಲಾನ್, ಕೋಟು ಹಾಕ್ಕೋ. ಹೊರಡೋಣ. ಆ ಜಿನಿವಾದ ದಪ್ಪಗಿನವಳ ವಿಷಯ ಮನೇಲಿ ಮಾತಾಡೋಣ.

ಅರ್ದಲಾನ್: ಯಾವ ದಪ್ಪಗಿನವಳು?

ಅಖ್ತರ್: ನಿನ್ನ ಜೋಡಿ. ತೂಕ ಜಾಸ್ತಿ ಇರೋಳು. ಎಲ್ಲರೂ ಸೇರಿ ಹುಡುಕ್ತಾ ಇದಾರಲ್ಲ, ಅವಳು.

ಅರ್ದಲಾನ್ ತಾಯಿಯನ್ನೂ ಗೊಲ್ನಾರ್‌ಳನ್ನೂ ನೋಡಿದ. ಅವಳು ತುಟಿ ಕಚ್ಚಿಕೊಂಡಿದ್ದಳು.

ಅರ್ದಲಾನ್: ಅಮ್ಮಾ, ಅದು ಕಣ.

ಅಖ್ತರ್: ಹೆಸರು ಏನಾದ್ರೂ ಇರಲಿ. ಮುಸ್ಲಿಮಳಾ?

ಗೊಲ್ನಾರ್ ಗೋಡೆಗೆ ಒರಗಿ ನಗಲು ಶುರು ಮಾಡಿದಳು. ನಗು ನಿಂತ ಮೇಲೆ ಅವಳೇ ಎಲ್ಲರನ್ನೂ ಕೋಣೆಯೊಳಗೆ ಕರೆದು ಮಂಚದ ಮೇಲೆ ಕೂರಿಸಿದಳು. ಭೂಮಿ ಸೂರ್ಯನಂಥ ದೊಡ್ಡದಕ್ಕೆಲ್ಲ ಒಂದು ನಿಯಮ ಇದೆ, ಕಣ್ಣಿಗೆ ಕಾಣದಷ್ಟು ಚಿಕ್ಕದಕ್ಕೆ ಇನ್ನೊಂದು ಇದೆ ಎಂದು ಹೇಳಿದಳು. ಎರಡೂ ತಮ್ಮ ತಮ್ಮ ಮನೆಯಲ್ಲಿ ಬಹಳ ಸರಿ. ಆದರೆ ಒಂದೇ ಸೂರಿನಡಿ ತಂದರೆ ಲೆಕ್ಕ ಹುಚ್ಚುಹುಚ್ಚಾಗಿ ಬರುತ್ತದೆ. ಎರಡನ್ನೂ ಕೂಡಿಸುವ ನಿಯಮವನ್ನೇ ಎಲ್ಲರೂ ಹುಡುಕುತ್ತಿರುವುದು. ಇಡೀ ಆಕಾಶ, ಈ ಕೋಣೆಯೊಳಗಿನ ಜಾಗ ಕೂಡ, ಊಹೆಗೂ ಸಿಗದಷ್ಟು ಪುಟ್ಟ ಉಂಗುರಗಳಿಂದ ಹೆಣೆದದ್ದು ಎನ್ನುವುದು ಅವಳ ಪಕ್ಷ. ಪ್ರಪಂಚದಲ್ಲಿರುವುದೆಲ್ಲ ಕಂಪಿಸುವ ದಾರದ ಎಳೆಗಳು, ಅದಕ್ಕೆ ಹತ್ತು ದಿಕ್ಕುಗಳು ಬೇಕು, ಕಾಣದ ಆರು ಸುರುಳಿ ಸುತ್ತಿಕೊಂಡಿವೆ, ಪ್ರತಿ ಕಣಕ್ಕೂ ಜಿನಿವಾದಲ್ಲಿ ಹುಡುಕುತ್ತಿರುವಂಥ ಭಾರದ ಜೋಡಿ ಕಣ ಒಂದಿದೆ ಎನ್ನುವುದು ಅರ್ದಲಾನನ ಪಕ್ಷ.

ಬದ್ರಿ: ಹಾಗಾದ್ರೆ ಗಂಬಳಿ ಇಲ್ವಾ?

ಅರ್ದಲಾನ್: ಯಾವ ಗಂಬಳಿ?

ಅಖ್ತರ್: ಯಾವುದೂ ಇಲ್ಲ. ನೀನು ಮುಂದಕ್ಕೆ ಹೇಳು ಮಗಳೇ. ಇಬ್ಬರಲ್ಲಿ ಯಾರು ಸರಿ?

— ಗೊತ್ತಿಲ್ಲ.

ಇಬ್ಬರೂ ಒಟ್ಟಿಗೇ ಹೇಳಿದರು. ಆ ಸಂಜೆ ಅವರು ಒಮ್ಮತದಿಂದ ಆಡಿದ ಮೊದಲ ಮಾತು ಅದು.

ಯದುಲ್ಲಾನಿಗೆ ಇನ್ನೊಂದು ಉಳಿದಿತ್ತು. ಅದನ್ನು ಅವನು ಹುಡುಗನ ಮುಖ ನೋಡಿಯೇ ಕೇಳಿದ.

ಯದುಲ್ಲಾ: ನನ್ನ ಮಗಳನ್ನ ಬೇಡ ಅಂದಿದ್ರಂತೆ. ಅದು ಯಾಕಪ್ಪಾ?

ಅರ್ದಲಾನ್: ಅವರನ್ನಲ್ಲ, ಅವರ ಲೇಖನವನ್ನ. ಯಾರು ಬರೆದದ್ದು ಅಂತ ಹೇಳದೆ ನನಗೆ ಕಳಿಸಿದ್ರು. ನಾನೂ ಹೆಸರು ಹಾಕದೆ ಅಭಿಪ್ರಾಯ ಬರೆದೆ. ಪುಟ್ಟ ಉಂಗುರಗಳಿಂದ ಶುರು ಮಾಡಿದಾರೆ, ಆದ್ರೆ ನಾವು ಓಡಾಡೋ ಈ ನುಣುಪಾದ ಜಾಗ ಅದರಿಂದ ಹೇಗೆ ಬಂತು ಅಂತ ತೋರಿಸಿಲ್ಲ, ಅಂತ.

ಗೊಲ್ನಾರ್: ‘ಬಟ್ಟೆ ಎಲ್ಲಿ’ ಅಂತ. ಅಷ್ಟು ಕೊಂಕಾಗಿ ಬರೀಬೇಕಾಗಿತ್ತಾ?

ಅರ್ದಲಾನ್: ತಪ್ಪು ಅಂದಿದ್ದಕ್ಕೆ ಕ್ಷಮೆ ಕೇಳಲ್ಲ. ಅವತ್ತು ಬಟ್ಟೆ ಇರಲಿಲ್ಲ. ಕೊಂಕಿಗೆ ಕೇಳ್ತೀನಿ.

ಗೊಲ್ನಾರ್: ಅಪ್ಪ, ಆ ಲೇಖನವನ್ನ ನನ್ನ ವಿಭಾಗದೋರೆಲ್ಲ ಚೆನ್ನಾಗಿದೆ ಅಂದ್ರು. ಒಬ್ಬರೂ ಮೂರನೇ ಪುಟ ದಾಟಿರಲಿಲ್ಲ. ಇವರು ಕೊನೇವರೆಗೆ ಓದಿದಾರೆ. ತೂತು ಇದ್ದಿದ್ದೂ ಕೊನೇಲೇ.

ಆಮೇಲೆ ಅವಳು, ಚಳಿಗಾಲದಿಂದ ಅದನ್ನೇ ಕೂತು ಹೆಣೆದಿದ್ದೇನೆ, ಈಗ ಇವರಿಗೆ ತೋರಿಸಿದೆ ಎಂದಳು. ಅರ್ದಲಾನ್ ಹೂವಿನ ಕಾಗದದ ಮೂಲೆಯೊಂದನ್ನು ಬೆರಳಿನಿಂದ ಮುಟ್ಟಿ, ಇಲ್ಲೊಂದು ಕಡೆ ಇನ್ನೂ ಅನುಮಾನ ಇದೆ ಎಂದ. ಅನುಮಾನ ನಿಮ್ಮ ಕಣ್ಣಲ್ಲಿದೆ ಎಂದಳು ಅವಳು. ಮತ್ತೆ ಇಬ್ಬರೂ ಕಾಗದದ ಮೇಲೆ ಬಾಗಿದರು. ಮಂಚದ ಮೇಲೆ ಕೂತ ಮೂವರು ಅವರಿಗೆ ನೆನಪೇ ಇದ್ದಂತಿರಲಿಲ್ಲ.

ಬದ್ರಿ ಕೆಮ್ಮಿದಳು.

ಬದ್ರಿ: ಅದೆಲ್ಲ ಆಯ್ತು. ಮದುವೆ ವಿಷಯ ಏನು ಮಾತಾಡಿದ್ರಿ?

ಇಬ್ಬರೂ ತಲೆಯೆತ್ತಿದರು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಹಿಂಬದಿ ನೋಡುವುದನ್ನೇ ಮರೆತ ಮಕ್ಕಳ ಮುಖ.

ಗೊಲ್ನಾರ್: ಅಯ್ಯೋ. ಮರೆತೇಹೋಯ್ತು.

ಅಖ್ತರ್: ಇಷ್ಟು ಹೊತ್ತು ಒಂದು ಸಲಾನೂ ಬರಲಿಲ್ವಾ ಆ ಮಾತು?

ಅರ್ದಲಾನ್: ಅಲ್ಲಿವರೆಗೆ ತಲುಪಲಿಲ್ಲ ಅಮ್ಮಾ. ಆಕಾಶ ಇದೆಯೋ ಇಲ್ವೋ ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ.

ಹಿರಿಯರು ಈ ಸಲ ಅವಕಾಶ ಕೊಡಲಿಲ್ಲ. ಬದ್ರಿ ಕಾಗದವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅಖ್ತರ್ ಖಾನುಮ್ ಹಣ್ಣಿನ ತಟ್ಟೆಯನ್ನು ಮೇಜಿನ ಮೇಲಿಟ್ಟು ಮಗನ ಜೇಬಿನಿಂದ ಪೆನ್ನು ಕಿತ್ತುಕೊಂಡರು. ಈಗ ಮದುವೆ ವಿಷಯ ಮಾತ್ರ ಮಾತಾಡಬೇಕು, ಬೇರೆ ಏನೂ ಕೂಡದು ಎಂದು ಇಬ್ಬರೂ ಒಂದೇ ಬಾಯಲ್ಲಿ ಆಜ್ಞೆ ಮಾಡಿ, ಹೊರಗೆ ಬಂದು, ಬಾಗಿಲನ್ನು ಮೊದಲಿನಷ್ಟೇ ಸಂದು ಬಿಟ್ಟು ಎಳೆದರು. ಮೂವರೂ ಮತ್ತೆ ಗೋಡೆಗೆ ಒರಗಿದರು.

ಒಳಗೆ ಏನೂ ಕೇಳಿಸಲಿಲ್ಲ.

ಕಾದರು. ಕುರ್ಚಿ ಒಂದು ಸಲ ಕಿರುಗುಟ್ಟಿತು. ಹುಡುಗ ಗಂಟಲು ಸರಿ ಮಾಡಿಕೊಂಡ. ನಿಮ್ಮ ಮನೆ ಗಾಳಿ ಬೆಳಕು ಚೆನ್ನಾಗಿದೆ ಎಂದ. ಹೌದು, ಪೂರ್ವಕ್ಕಿದೆ ಎಂದಳು ಹುಡುಗಿ. ಮತ್ತೆ ಏನೂ ಇಲ್ಲ. ಇಷ್ಟು ಹೊತ್ತು ಸೂರು ಹಾರುವಂತೆ ಕೂಗಾಡಿದವರ ಬಾಯಿಗೆ ಯಾರೋ ಬೀಗ ಹಾಕಿದಂತಿತ್ತು. ಕಿತ್ತಳೆ ತಗೊಳ್ಳಿ ಎಂದಳು ಅವಳು. ಇಲ್ಲ, ನೀವು ತಗೊಳ್ಳಿ ಎಂದ ಅವನು.

ಬದ್ರಿಯ ಮುಖ ಇಳಿಯಿತು. ಯದುಲ್ಲಾ ನೆಲ ನೋಡಿದ. ಹಲ್ಲಿನ ಡಾಕ್ಟರು ಬಂದ ದಿನ ಇದೇ ರೀತಿ ಇತ್ತು ಎಂದು ಇಬ್ಬರಿಗೂ ಅನ್ನಿಸಿತು. ತಡೆಯಲಾಗದೆ ಹೋದದ್ದು ಅಖ್ತರ್ ಖಾನುಮರಿಗೆ. ಆಕೆ ಬದ್ರಿಯ ಕಂಕುಳಿನಿಂದ ಕಾಗದವನ್ನು ಎಳೆದುಕೊಂಡು, ಬಾಗಿಲಿನ ಸಂದಿನಿಂದ ಒಳಗೆ ತೂರಿಸಿ, ಅದರ ಹಿಂದೆಯೇ ಪೆನ್ನನ್ನೂ ಉರುಳಿಸಿದರು.

ಅಖ್ತರ್: ಮದುವೆ ಮಾತು ಬೇಡ ಬಿಡ್ರಪ್ಪಾ. ಆ ಆಕಾಶದ್ದೇ ಮಾತಾಡಿ.

ಕಾಗದ ಬಿಚ್ಚಿದ ಸದ್ದಾಯಿತು. ಆಮೇಲೆ ಇಬ್ಬರೂ ಒಟ್ಟಿಗೇ ಶುರು ಮಾಡಿದರು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹತ್ತಿಕೊಂಡು. ಈ ಸಲ ನಡುವೆ ಅವನೂ ನಕ್ಕ, ಅವಳೂ ನಕ್ಕಳು. ಬದ್ರಿ ಸದ್ದಿಲ್ಲದೆ ಮೂರನೆಯ ಚಹಾಕ್ಕೆ ನೀರಿಡಲು ಹೋದಳು.

ಅಖ್ತರ್: ಯದುಲ್ಲಾ ಸಾಹೇಬರೇ, ಇದು ಇತ್ಯರ್ಥ ಆಗೋಕೆ ಎಷ್ಟು ಕಾಲ ಬೇಕಂತೆ?

ಯದುಲ್ಲಾ: ನಮ್ಮ ಅಜ್ಜಂದಿರ ಕಾಲದಿಂದ ಹುಡುಕ್ತಾ ಇದಾರಂತೆ ಖಾನುಮ್. ಇವರ ಜನ್ಮದಲ್ಲಿ ಮುಗಿಯತ್ತೆ ಅಂತ ನಂಬಿಕೆ ಇಲ್ಲ ಅಂತ ನನ್ನ ಮಗಳೇ ಹೇಳಿದಾಳೆ.

ಅಖ್ತರ್ ಖಾನುಮ್ ಬಂದಾಗಿನಿಂದ ಬಿಚ್ಚದೇ ಇದ್ದ ಕೋಟನ್ನು ನಿಧಾನವಾಗಿ ಬಿಚ್ಚಿ, ಮಡಿಸಿ, ಕುರ್ಚಿಯ ಬೆನ್ನಿಗೆ ಹಾಕಿದರು.

ಅಖ್ತರ್: ಹಾಗಿದ್ರೆ ಒಳ್ಳೇ ಸಂಬಂಧ. ನಮ್ಮೆಜಮಾನ್ರಿಗೂ ನನಗೂ ಮಾತಾಡೋ ವಿಷಯ ಮದುವೆಯಾಗಿ ಮೂರನೇ ವಾರಕ್ಕೇ ಮುಗಿದುಹೋಗಿತ್ತು.